ಶುಕ್ರವಾರಕ್ಕೆ ಶುಕ್ರವಾರವೇ ಜೊತೆ

ಸಿಕ್ಕಿತು. ನಮ್ಮ ಮನೆಯ ಹುಡುಗಿಗೇ ಸಿಕ್ಕಿತು. ಎರಡು ಗುಡ್ಡೆ ಹುಣಸೆಬೀಜ ಇಟ್ಟು ಆಡಿದರೆ ಯಾರು ಸೋಲುತ್ತಾರೆ ಎಂದು ಒಂದು ಬೀಜವನ್ನೂ ಎತ್ತುವ ಮೊದಲೇ ಹೇಳುವ ದಾರಿಯನ್ನು ನನ್ನ ಮಗಳ ಮಗಳು, ಹಾಲುಹಲ್ಲು ಇನ್ನೂ ಪೂರ್ತಿ ಬೀಳದವಳು, ನಮ್ಮ ಹನಗೋಡಿನ ಮನೆಯ ಜಗಲಿಯ ಮೇಲೆ ಕೂತು ಕಂಡುಹಿಡಿದುಬಿಟ್ಟಳು. ನಾನು ಮತ್ತೆ ಮತ್ತೆ ಆಡಿ ನೋಡಿದೆ. ಸೋತೆ. ಸೋತಷ್ಟೂ ಸಂತೋಷ ಹೆಚ್ಚಾಯಿತು. ಒಲೆಯ ಮೇಲಿದ್ದ ಎಸರನ್ನು ಮರೆತು ಬೀದಿಗೆ ಹೋಗಿ ಎದುರು ಮನೆಯವರಿಗೆ ಹೇಳಿದೆ. ಹೊಳೆಗೆ ಬಟ್ಟೆ ಹೊತ್ತು ಹೊರಟಿದ್ದವರನ್ನು ನಿಲ್ಲಿಸಿ ಹೇಳಿದೆ. ನನ್ನ ಮುಖ ನೋಡಿ ಅವರು ಮಗಳಿಗೆ ಹೆರಿಗೆಯಾಯಿತು ಎಂದುಕೊಂಡು, ಗಂಡೋ ಹೆಣ್ಣೋ ಎಂದು ಕೇಳಿದರು.

ನಮ್ಮ ಮನೆಯವರು ಕಂಬಕ್ಕೆ ಒರಗಿ ಕೂತು ನನ್ನ ಓಡಾಟವನ್ನೆಲ್ಲ ನೋಡುತ್ತಿದ್ದರು. ಕೊನೆಗೆ, "ಬೀಜ ಎಣ್ಸಿದ್ದಕ್ಕೇ ಇಂಗ್ ಕುಣಿತೀಯಲ್ಲ, ಹಣ್ಣು ಸಿಕ್ಕಿದ್ರೆ ಏನ್ ಮಾಡೀಯೆ?" ಎಂದರು.

ಆ ಸಂತೋಷ ನನ್ನದು ಮಾತ್ರ ಆಗಿದ್ದರೆ ಅಡುಗೆಮನೆಯಲ್ಲೇ ಇಟ್ಟುಕೊಳ್ಳುತ್ತಿದ್ದೆ. ಅದು ಇನ್ನೊಬ್ಬಳಿಗೆ ಸೇರಬೇಕಾದದ್ದು. ಆ ಪ್ರಶ್ನೆಯನ್ನು ಹುಣಸೆಹಣ್ಣಿನ ಕುಕ್ಕೆಯ ಜೊತೆಗೇ ತಲೆಯ ಮೇಲೆ ಹೊತ್ತು, ಸಂತೆಯಿಂದ ಸಂತೆಗೆ ಕಾಲು ಸವೆಸಿದವಳಿಗೆ ಸೇರಬೇಕಾದದ್ದು. ಅವಳನ್ನು ಕುರಿತು ಬರೆಯೋಣ ಎಂದು ಕೂತಿದ್ದೇನೆ. ಕೂತಿದ್ದೇನೆ ಎಂದರೆ ಸುಳ್ಳಾಗುತ್ತದೆ. ಒಂದು ಸಾಲು ಬರೆಯುವುದು, ಎದ್ದು ಬಾಗಿಲಿಗೆ ಹೋಗಿ ಬರುವುದು, ಹೀಗೆ ಸಾಗಿದೆ.

ಅವಳ ಹೆಸರನ್ನು ಬರೆಯುವುದಿಲ್ಲ. ಅವಳೂ ಯಾರಿಗೂ ಹೇಳುತ್ತಿರಲಿಲ್ಲ. ಒಂದೊಂದು ಊರಿನಲ್ಲಿ ಒಂದೊಂದು ಹೆಸರಿಟ್ಟು ಕರೆಯುತ್ತಿದ್ದರು, ನಮ್ಮ ಕೇರಿಯಲ್ಲಿ ಹುಳಿಯಕ್ಕ. ಎಲ್ಲದಕ್ಕೂ ಓ ಎನ್ನುತ್ತಿದ್ದಳು.

ಉದ್ದನೆಯ ಹೆಂಗಸು. ಹುಣಸೆ ಕುಟ್ಟಿ ಬೀಜ ತೆಗೆದು ತೆಗೆದು ಬೆರಳೆಲ್ಲ ಕಂದು ಬಣ್ಣವಾಗಿತ್ತು, ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ನಮ್ಮ ಸಂತೆಯ ದಿನ ಬೆಳಿಗ್ಗೆ ಬಂದು ಕುಕ್ಕೆಯನ್ನು ಜಗಲಿಯ ಅಂಚಿಗೆ ಇಡುತ್ತಿದ್ದಳು. ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ಕಾಲು ಬೀದಿಯಲ್ಲಿ. ಒಳಗೆ ಬಾ, ಕೂತುಕೋ ಎಂದು ಎಷ್ಟು ಹೇಳಿದರೂ ಆ ಬೀದಿಯ ಕಾಲನ್ನು ಮೇಲಕ್ಕೆ ತರುತ್ತಿರಲಿಲ್ಲ. ಮುದ್ದೆ ಕೊಟ್ಟರೆ ನಿಂತೇ ತಿನ್ನುತ್ತಿದ್ದಳು. ತಿನ್ನುವಾಗಲೂ ಕಣ್ಣು ದಾರಿಯ ಮೇಲೆ. ಯಾರನ್ನಾದರೂ ಕಾಯುತ್ತಿದ್ದೀಯಾ ಎಂದು ಒಮ್ಮೆ ಕೇಳಿದೆ. "ಕಾಯೋರು ಕುಂತಿರ್ತಾರೆ ಕೂಸೆ. ನಾನು ಹುಡುಕ್ತಾವ್ನಿ" ಎಂದಳು.

ಯಾವ ದಿನ ಯಾವ ಊರಿನ ಸಂತೆ ಎನ್ನುವುದೇ ಅವಳ ಪಂಚಾಂಗ. ಇಂದು ಹುಣಸೂರಾದರೆ ನಾಳೆ ಯಾವುದೋ ಗಾಡಿ ಹಿಡಿದು ಪಿರಿಯಾಪಟ್ಟಣ. ಒಂದು ವಾರ ರಾವಂದೂರಿನ ಕಡೆ ಹೋದರೆ ಮುಂದಿನ ವಾರ ಕೋಟೆಯ ಕಡೆ, ಅಲ್ಲಿಂದ ಕಾಡಂಚಿನ ಅಂತರಸಂತೆಯವರೆಗೆ. ಎಡತೊರೆಯವರಿಗೆ ಹೊಸ ಪೇಟೆ ಕಟ್ಟಿಸಿ ಕೃಷ್ಣರಾಜನಗರ ಎಂದು ಹೆಸರಿಟ್ಟ ಮೇಲೂ ಅವಳು ಎಡತೊರೆ ಎಂದೇ ಹೇಳುತ್ತಿದ್ದಳು. ಬೀದಿಗಳು ನೆಟ್ಟಗಾಗಿವೆ, ಆಡುವವರು ಮಾತ್ರ ಹಳಬರೇ ಎನ್ನುತ್ತಿದ್ದಳು.

ಆಡುವವರು ಎಂದರೆ ಬೀಜದಾಟ ಆಡುವವರು. ಹುಣಸೆಹಣ್ಣು ಮಾರುವುದು ಅವಳ ಹೊಟ್ಟೆಪಾಡು. ಸೆರಗಿನ ಗಂಟಿನಲ್ಲಿ ಬೀಜ ಕಟ್ಟಿಕೊಂಡು ಊರೂರಿನಲ್ಲಿ ಆಟಕ್ಕೆ ಕರೆಯುವುದು ಅವಳ ನಿಜವಾದ ಕೆಲಸ.

ನಾನು ಆಗ ಹೊಸದಾಗಿ ಈ ಮನೆಗೆ ಬಂದ ಸೊಸೆ. ಮಾತನಾಡಲು ಯಾರೂ ಇಲ್ಲದೆ ಬಾಗಿಲ ಬಳಿ ನಿಂತಿದ್ದವಳನ್ನು ನೋಡಿ, ಹುಣಸೆಹಣ್ಣು ತೂಗಿಕೊಟ್ಟವಳು, ಸೆರಗಿನ ಗಂಟು ಬಿಚ್ಚಿ ಜಗಲಿಯ ಮೇಲೆ ಬೀಜಗಳ ಗುಡ್ಡೆ ಮಾಡಿದಳು. ಆಟದ ಕಟ್ಟಳೆ ಸುಲಭ. ಒಬ್ಬರಾದ ಮೇಲೆ ಒಬ್ಬರು ಗುಡ್ಡೆಯಿಂದ ಬೀಜ ಎತ್ತಬೇಕು. ಒಂದು ಎತ್ತಬಹುದು, ಮೂರು ಎತ್ತಬಹುದು, ನಾಲ್ಕು ಎತ್ತಬಹುದು. ಕೊನೆಯ ಬೀಜ ಯಾರ ಕೈಗೆ ಬರುತ್ತದೋ ಅವರು ಗೆದ್ದರು. ಎರಡು ಮಾತ್ರ ಎತ್ತುವ ಹಾಗಿಲ್ಲ. ಯಾಕೆ ಎಂದು ಕೇಳಿದೆ.

"ಎರಡು ಅಂದ್ರೆ ಜೋಡೆತ್ತು ಕಣವ್ವ. ಕಟ್ಟಿದ ಜೋಡೀನ ಬಿಚ್ಚಿ ಒಯ್ಯಂಗಿಲ್ಲ."

ಅದಕ್ಕೇ ಆ ಆಟಕ್ಕೆ ಜೋಡಿ ಬಿಟ್ಟಾಟ ಎಂದು ಹೆಸರು.

ಅವತ್ತು ಸೋತೆ. ಮುಂದಿನ ಸಂತೆಯ ದಿನವೂ ಸೋತೆ. ಆ ವರ್ಷದ ಬೇಸಿಗೆ ಮುಗಿದು ಮಳೆ ಬಂದರೂ ಸೋಲುತ್ತಲೇ ಇದ್ದೆ. ಅವಳು ಗುಟ್ಟು ಬಿಡುತ್ತಿರಲಿಲ್ಲ. ಆದರೆ ಆಡುವ ಮೊದಲು ಗುಡ್ಡೆಯನ್ನು ನೋಡಿ ಅವಳ ತುಟಿ ಅಲ್ಲಾಡುವುದನ್ನು ಒಂದು ದಿನ ಗಮನಿಸಿದೆ. ಜಪ ಮಾಡುತ್ತಿದ್ದಾಳೆ ಎಂದು ಮೊದಲು ಅಂದುಕೊಂಡೆ. ಹತ್ತಿರ ಬಗ್ಗಿ ಕಿವಿಗೊಟ್ಟರೆ ದೇವರ ಹೆಸರಲ್ಲ. ಸೋಮಾರ, ಮಂಗ್ಳಾರ, ಬುದ್ವಾರ, ಬೇಸ್ತವಾರ. ವಾರದ ದಿನಗಳು.

ಆಮೇಲೆ ನಾನೇ ಒಬ್ಬಳೇ ಕೂತು ಆಡಿ ಆಡಿ ನೋಡಿದೆ. ಬೀಜಗಳಿಗೆ ಸೋಮವಾರದಿಂದ ಹಿಡಿದು ಒಂದೊಂದು ದಿನದ ಹೆಸರು ಕೊಡುತ್ತಾ ಎಣಿಸಬೇಕು. ಭಾನುವಾರ ಮುಗಿದರೆ ಮತ್ತೆ ಸೋಮವಾರ. ಕೊನೆಯ ಬೀಜ ಮಂಗಳವಾರಕ್ಕೋ ಭಾನುವಾರಕ್ಕೋ ಬಂದು ನಿಂತರೆ, ಆಗ ಯಾರು ಎತ್ತಬೇಕೋ ಅವರು ಸೋತಂತೆಯೇ. ಬೇರೆ ಯಾವ ದಿನಕ್ಕೆ ನಿಂತರೂ ಹೆದರಬೇಕಾಗಿಲ್ಲ. ಒಂದೋ ಮೂರೋ ನಾಲ್ಕೋ ಎತ್ತಿ, ಗುಡ್ಡೆಯನ್ನು ಮಂಗಳವಾರಕ್ಕೋ ಭಾನುವಾರಕ್ಕೋ ಇಳಿಸಿ ಎದುರಿನವರ ಮುಂದೆ ಬಿಡಬಹುದು. ಶುಕ್ರವಾರಕ್ಕೆ ನಿಂತಿದೆಯೋ, ಮೂರು ಎತ್ತಿದರೆ ಮಂಗಳವಾರ. ಗುರುವಾರಕ್ಕೆ ನಿಂತಿದೆಯೋ, ನಾಲ್ಕು ಎತ್ತಿದರೆ ಭಾನುವಾರ. ಗುಡ್ಡೆ ಒಂದು ಹಿಡಿಯಷ್ಟಿರಲಿ, ಮೊರದ ತುಂಬ ಇರಲಿ, ದಿನಗಳು ಸುತ್ತಿ ಸುತ್ತಿ ಬಂದು ಅದೇ ಕಥೆ ಹೇಳುತ್ತವೆ. ಇದು ಹೊಳೆದ ದಿನ ನಾನು ಮೊರದ ತುಂಬ ಬೀಜ ಹರಡಿಕೊಂಡು ನಕ್ಕಿದ್ದನ್ನು ನೋಡಿ ಅತ್ತೆಯವರು, ಸೊಸೆಗೆ ಗಾಳಿ ಸೋಕಿರಬಹುದೆಂದು ನೀವಾಳಿಸಿ ಹಾಕಿದರು.

ಹುಳಿಯಕ್ಕ ಬಂದಾಗ ಗೆದ್ದು ತೋರಿಸಿದೆ. ಅವಳು ಸಿಟ್ಟು ಮಾಡಲಿಲ್ಲ. "ಕದ್ದುಬುಟ್ಟೆ ಅನ್ನು" ಎಂದು ನಕ್ಕಳು. "ಒಳ್ಳೇದಾಯ್ತು. ನಾನಾಗೇ ಹೇಳಿದ್ರೆ ಮುಂದಿನ ಸಂತೆಗೆ ಮರ್ತೋಗಿರೋಳು."

ಆಮೇಲೆ ಅವಳು ಬೀದಿಯ ಕಾಲನ್ನು ಮೆಟ್ಟಿಲಿಗೆ ತಂದಳು. ನಾನು ನೋಡಿದ್ದು ಅದೇ ಮೊದಲು. ಬೀಜಗಳನ್ನು ಬಾಚಿ ಎರಡು ಗುಡ್ಡೆ ಮಾಡಿದಳು. ಯಾವ ಗುಡ್ಡೆಯಿಂದಾದರೂ ಎತ್ತಬಹುದು, ಆದರೆ ಒಂದು ಸಲಕ್ಕೆ ಒಂದೇ ಗುಡ್ಡೆಯಿಂದ. ಕಟ್ಟಳೆ ಅದೇ, ಒಂದು, ಮೂರು, ನಾಲ್ಕು. ಎರಡೂ ಗುಡ್ಡೆ ಮುಗಿಸುವ ಕೊನೆಯ ಬೀಜ ಎತ್ತಿದವರು ಗೆದ್ದರು.

"ಇದ ಯೋಳು. ಇದರಲ್ಲಿ ಯಾವಾಗ ಸೋಲ್ತಾರೆ?"

ನನಗೆ ತಿಳಿಯಲಿಲ್ಲ. ಅವಳಿಗೂ ತಿಳಿಯದು ಎನ್ನುವುದು ಅವಳ ಮುಖ ನೋಡಿದ ಮೇಲೆ ತಿಳಿಯಿತು.

ಆವತ್ತು ಹೇಳಿದಳು. ಆ ಆಟ ಅವಳ ತಾಯಿಯದು. ಒಂದು ಗುಡ್ಡೆಯ ಲೆಕ್ಕವನ್ನು ಹೀಗೇ ತುಟಿ ನೋಡಿ ತಾಯಿಯಿಂದ ಕದ್ದಿದ್ದಳು. ಎರಡು ಗುಡ್ಡೆ ಇಟ್ಟರೆ ಮಾತ್ರ ತಾಯಿಯನ್ನು ಗೆಲ್ಲಲು ಆಗುತ್ತಲೇ ಇರಲಿಲ್ಲ. ಗಂಡನ ಮನೆಯಿಂದ ಹಬ್ಬಕ್ಕೆ ಬಂದಾಗಲೆಲ್ಲ ಕಾಡುತ್ತಿದ್ದಳು. ತಾಯಿ, ಇನ್ನೊಂದು ಸಲ ಬಂದಾಗ ಹೇಳಿಕೊಡುತ್ತೇನೆ ಎಂದು ಕಳಿಸುತ್ತಿದ್ದಳು. ಆ ಇನ್ನೊಂದು ಸಲಕ್ಕೆ ಮೊದಲು ಪ್ಲೇಗು ಬಂತು. ತವರೂರಿನವರೆಲ್ಲ ಮನೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಇವಳು ಹೊರಟು ಹೋದಳು, ದಾರಿಯಲ್ಲೇ ತಡೆದು ವಾಪಸು ಕಳಿಸಿದರು. ತಾಯಿ ಹೋದದ್ದು ಮಣ್ಣಾದ ಮೇಲೆ ಗೊತ್ತಾಯಿತು. ಅದೇ ಕಾಯಿಲೆಯಲ್ಲಿ ಗಂಡನೂ ಹೋದ.

ಇದನ್ನೆಲ್ಲ ಬೇರೆ ಯಾರದೋ ಮನೆಯ ವಿಷಯದ ಹಾಗೆ ಬೇಗ ಬೇಗ ಹೇಳಿ ಮುಗಿಸಿದಳು. ಕೊನೆಯ ಮಾತು ಮಾತ್ರ ನಿಧಾನವಾಗಿ ಬಂತು. "ಅವ್ವ ಅದನ್ನ ತಾನೇ ಉಟ್ಟಿಸ್ಕಂಡಿರಕ್ಕಿಲ್ಲ. ಯಾರೋ ಕಲ್ಸಿರ್ತಾರೆ. ಕಲ್ಸಿದೋರು ಎಲ್ಲೋ ಒಂದು ಸಂತೇಲಿ ಇರ್ತಾರೆ. ಸಿಗೋಗಂಟ ನಾನು ಕೂರಕ್ಕಿಲ್ಲ."

ಅವಳ ಕಾಲಿನಲ್ಲಿ ಚಕ್ರವಿದೆ ಎಂದು ಊರವರು ಆಡಿಕೊಳ್ಳುತ್ತಿದ್ದರು. ಆ ಚಕ್ರ ಯಾವುದು ಎಂದು ನನಗೆ ಗೊತ್ತಾದದ್ದು ಅವತ್ತು.

ಇನ್ನೊಂದು ವಿಷಯ ಹೇಳಬೇಕು. ಅವಳು ಶುಕ್ರವಾರ ಹುಣಸೆಹಣ್ಣು ಮಾರುತ್ತಿರಲಿಲ್ಲ. ಶುಕ್ರವಾರ ಯಾವ ಊರಿನ ಸಂತೆಯಿದ್ದರೂ ಅವಳ ಕುಕ್ಕೆಯ ಮೇಲೆ ಬಟ್ಟೆ ಮುಚ್ಚಿಯೇ ಇರುತ್ತಿತ್ತು. ಅದಕ್ಕೂ ತಾಯಿಯೇ ಕಾರಣ. ಎರಡು ಗುಡ್ಡೆ ಇಟ್ಟು ಆಡುವಾಗ ತಾಯಿ ತನ್ನಷ್ಟಕ್ಕೆ, "ಸುಕ್ರಾರಕ್ಕೆ ಸುಕ್ರಾರವೇ ಜತೆ" ಎಂದು ಗೊಣಗುತ್ತಿದ್ದಳಂತೆ. ಶುಕ್ರವಾರ ಲಕ್ಷ್ಮಿಯ ದಿನ, ಅವತ್ತು ಮನೆಯ ಹುಳಿ ಉಪ್ಪು ಹೊರಗೆ ಕೊಡಬಾರದು, ಆ ದಿನವನ್ನು ಬೇರೆ ಕೆಲಸದೊಂದಿಗೆ ಬೆರೆಸಬಾರದು ಎಂದು ತಾಯಿ ಹೇಳಿದ್ದಾಳೆ ಎಂದು ಇವಳು ಅರ್ಥ ಮಾಡಿಕೊಂಡಳು. ತಾಯಿಯಿಂದ ಉಳಿದದ್ದು ಅದೊಂದೇ ಮಾತು. ಅದನ್ನೇ ವ್ರತದ ಹಾಗೆ ಹಿಡಿದಳು.

ಒಂದು ಶುಕ್ರವಾರ ನಮ್ಮ ಮನೆಗೆ ನೆಂಟರು ಗುಂಪಾಗಿ ಬಂದು ಕೂತಿದ್ದರು. ಸಾರಿಗೆ ಹುಳಿ ಇಲ್ಲ. ಅದೇ ವೇಳೆಗೆ ಅವಳು ಯಾವುದೋ ಊರಿಗೆ ಹೋಗುತ್ತಾ ನಮ್ಮ ಬೀದಿಯಲ್ಲಿ ಬಂದಳು. ನಾನು ಓಡಿ ಹೋಗಿ ಕೈ ಹಿಡಿದುಕೊಂಡೆ. ಅವಳು ಕುಕ್ಕೆಯನ್ನು ಜಗಲಿಯ ಮೇಲೆ ಇಳಿಸಿ, ಬಟ್ಟೆ ತೆಗೆದು, ನನಗೆ ಬೆನ್ನು ಮಾಡಿ ನಿಂತಳು. "ನಾನು ಕೊಡಕ್ಕಿಲ್ಲ. ನೀನು ಎತ್ಕಂಡ್ರೆ ನಾನ್ ನೋಡ್ಲಿಲ್ಲ."

ನಾನು ಎತ್ತಿಕೊಂಡೆ. ಅವಳು ತಿರುಗಿ ನೋಡದೆ ಕುಕ್ಕೆ ಹೊತ್ತು ನಡೆದಳು. ಸ್ವಲ್ಪ ದೂರ ಹೋಗಿ, ತಲೆಯ ಮೇಲಿನ ಭಾರ ಎಷ್ಟು ಇಳಿದಿದೆ ಎಂದು ಒಂದು ಗಳಿಗೆ ನಿಂತು ತೂಗಿ ನೋಡಿದ್ದನ್ನು ನಾನು ಕಂಡೆ.

ಎರಡು ಗುಡ್ಡೆಯ ಲೆಕ್ಕಕ್ಕೆ ಅವಳಲ್ಲಿ ಒಂದು ದಾರಿಯಿತ್ತು. ಮೊದಲ ಗುಡ್ಡೆಯನ್ನು ಸೋಮವಾರದಿಂದ ಎಣಿಸುವುದು. ಅದು ಯಾವ ದಿನಕ್ಕೆ ಮುಗಿಯಿತೋ ಅದರ ಮರುದಿನದಿಂದ ಎರಡನೆಯ ಗುಡ್ಡೆ ಎಣಿಸುವುದು. ಒಂದು ಊರಿನ ಸಂತೆ ಮುಗಿಸಿ ಮರುದಿನ ಇನ್ನೊಂದು ಊರಿಗೆ ಹೋಗುವವಳಿಗೆ ಅದು ಬಿಟ್ಟು ಬೇರೆ ಹೇಗೆ ತೋಚಬೇಕು. ಅವಳಿಗೆ ದಿನಗಳು ಒಂದರ ಹಿಂದೆ ಒಂದು ಸಾಲಾಗಿ ಬರುವ ಗಾಡಿಗಳು. ಹಾಗೆ ಎಣಿಸಿದರೆ ಕೆಲವು ಸಲ ಸರಿಯಾಗುತ್ತಿತ್ತು, ಕೆಲವು ಸಲ ಕೈಕೊಡುತ್ತಿತ್ತು. ಪೂರ್ತಿ ತಪ್ಪಾಗಿದ್ದರೆ ಬಿಟ್ಟು ಬೇರೆ ಹುಡುಕುತ್ತಿದ್ದಳು. ಆಗೀಗ ಸರಿಯಾಗುತ್ತಿದ್ದದ್ದೇ ಅವಳ ನಿದ್ದೆ ಕೆಡಿಸಿತು. ನಾನೂ ಅವಳ ಹಾಗೆಯೇ ಎಣಿಸಲು ಕಲಿತೆ, ಅವಳ ಹಾಗೆಯೇ ಎಡವಿದೆ.

ಪ್ರತಿ ಸಲವೂ ಏನಾದರೊಂದು ಸುದ್ದಿ ತರುತ್ತಿದ್ದಳು. ಪಿರಿಯಾಪಟ್ಟಣದಲ್ಲಿ ಒಬ್ಬ ದರ್ಜಿ ಎರಡು ಗುಡ್ಡೆಯಲ್ಲಿ ತನ್ನನ್ನು ಸೋಲಿಸಿದ ಎಂದು ಕಣ್ಣು ಅರಳಿಸಿ ಹೇಳಿದಳು. ಮುಂದಿನ ಸಂತೆಗೆ ಹೋಗಿ ನೋಡಿದರೆ ಅವನಿಗೆ ಏನೂ ತಿಳಿಯದು, ಕೈಗೆ ಬಂದದ್ದನ್ನು ಎತ್ತಿದ್ದ. ಎಡತೊರೆಯ ಒಬ್ಬ ಮುದುಕ ತನಗೆ ಗೊತ್ತು ಎಂದು ಹೇಳಿ, ಮೂರು ಸಂತೆ ಅವಳ ಹುಣಸೆಹಣ್ಣು ತಿಂದು, ಕೊನೆಗೆ ಒಂದು ಗುಡ್ಡೆಯ ಲೆಕ್ಕವನ್ನೇ ದೊಡ್ಡ ಗುಟ್ಟು ಎಂದು ಕಿವಿಯಲ್ಲಿ ಹೇಳಿದನಂತೆ. ಅದನ್ನು ಹೇಳುವಾಗ ಅವಳಿಗೆ ಸಿಟ್ಟೂ ಬಂತು, ನಗೆಯೂ ಬಂತು. ಅಂತರಸಂತೆಯಲ್ಲಿ ಮಲೆಯಾಳದ ಕಡೆಯ ಮೆಣಸಿನ ವ್ಯಾಪಾರಿಯೊಬ್ಬ ತನ್ನ ಮಾತಿನಲ್ಲಿ ದಿನ ಎಣಿಸುತ್ತಿದ್ದ. ತಿಂಗಳ್, ಚೊವ್ವ, ಬುಧನ್. ಆ ಮಾತಿನಲ್ಲಿ ಎಣಿಸಿದರೆ ಬೇರೆ ಬಾಗಿಲು ತೆರೆಯಬಹುದೇನೋ ಎಂದು ಅವಳು ಅದನ್ನೂ ಬಾಯಿಪಾಠ ಮಾಡಿಕೊಂಡು ಬಂದಳು. ನಾವಿಬ್ಬರೂ ನಮ್ಮ ಜಗಲಿಯ ಮೇಲೆ ಮಲೆಯಾಳದಲ್ಲಿ ಎಣಿಸಿ ಮಲೆಯಾಳದಲ್ಲೇ ಸೋತೆವು. ಅಲ್ಲೂ ವಾರಕ್ಕೆ ಏಳೇ ದಿನ.

ಹೀಗೇ ವರ್ಷಗಳು ಹೋದವು. ನನಗೆ ಮಕ್ಕಳಾದವು, ಮಕ್ಕಳಿಗೆ ಮದುವೆಯಾಯಿತು. ಅವಳ ಕುಕ್ಕೆ ಸಣ್ಣದಾಗುತ್ತಾ ಬಂತು. ಒಂದು ಬೇಸಿಗೆ ಅವಳು ಬರಲಿಲ್ಲ. ಮಳೆಗಾಲ ಕಳೆದರೂ ಬರಲಿಲ್ಲ. ಅಂತರಸಂತೆಗೆ ಸರಕು ಹೊಡೆಯುವ ನಮ್ಮ ಕೇರಿಯ ಗಾಡಿಯವನು ಒಂದು ದಿನ ಸುದ್ದಿ ತಂದ. ಅವಳ ಕಾಲು ಊದಿಕೊಂಡು ನಡೆಯಲು ಆಗುವುದಿಲ್ಲವಂತೆ. ಅಲ್ಲಿ ತಂಗಿಯ ಮಗಳ ಮನೆಯ ಜಗಲಿಯಲ್ಲಿ ಕೂತಿದ್ದಾಳಂತೆ. ಹೋಗಿ ಬರುವವರನ್ನೆಲ್ಲ ಹತ್ತಿರ ಕರೆದು ಎರಡು ಗುಡ್ಡೆ ಮಾಡುತ್ತಾಳಂತೆ.

ಅವಳು ಕೂತಿದ್ದಾಳೆ ಎಂಬುದನ್ನು ಕೇಳಿ ನನಗೆ ಕೂರಲಾಗಲಿಲ್ಲ. ಮೇಲಕ್ಕೆ ಬಾರದ ಆ ಕಾಲು ಕಣ್ಣಮುಂದೆ ಬಂತು. ಅಂದಿನಿಂದ ಅವಳ ಹಟ ನನ್ನದಾಯಿತು. ಬಿಡುವಾದಾಗಲೆಲ್ಲ ಎರಡು ಗುಡ್ಡೆ. ಮನೆಯವರು ನನ್ನನ್ನೂ ಹುಳಿಯಕ್ಕ ಎಂದು ಕರೆಯಲು ಶುರುಮಾಡಿದರು.

ಹತ್ತು ಹನ್ನೆರಡು ದಿನದ ಹಿಂದಿನ ಮಾತು. ಮಗಳನ್ನು ರಾವಂದೂರಿಗೆ ಕೊಟ್ಟಿದ್ದೇವೆ. ಅವಳ ಈ ಹುಡುಗಿ ಅಲ್ಲಿ ಕೆಲವು ದಿನ, ನಮ್ಮಲ್ಲಿ ಕೆಲವು ದಿನ ಇರುತ್ತಾಳೆ. ಒಂದು ಗುಡ್ಡೆಯ ಲೆಕ್ಕವನ್ನು ನನ್ನ ತುಟಿ ನೋಡಿ ಯಾವತ್ತೋ ಕದ್ದಿದ್ದಾಳೆ. ಅವತ್ತು ನಾನು ಎರಡು ಗುಡ್ಡೆ ಇಟ್ಟುಕೊಂಡು, ಮೊದಲ ಗುಡ್ಡೆ ಮುಗಿಸಿ, ಮರುದಿನದಿಂದ ಎರಡನೆಯದನ್ನು ಎಣಿಸುತ್ತಿದ್ದೆ. ಹುಡುಗಿ ನನ್ನ ಕೈ ಹಿಡಿದು ನಿಲ್ಲಿಸಿದಳು.

"ಯಾಕಜ್ಜಿ ಅಲ್ಲಿಂದ ಎಣಿಸ್ತೀಯಾ? ಅದು ಬೇರೆ ಗುಡ್ಡೆ ತಾನೆ?"

"ಸೋಮವಾರ ಆಗೋಗದಲ್ಲ ಮಗ. ಮುಂದಿನ ದಿನದಿಂದ ಎಣಿಸ್ಬೇಕು."

"ಇಲ್ಲಿ ಸೋಮವಾರ ಆದಾಗ ರಾವಂದೂರಲ್ಲೂ ಸೋಮವಾರನೇ. ಇಲ್ಲಿ ವಾರ ಮುಗೀಲಿ ಅಂತ ಅಲ್ಲಿ ಅವ್ವ ಕಾಯ್ಕಂಡಿರ್ತಾಳಾ?"

ಎರಡು ಮನೆಯಲ್ಲಿ ಬೆಳೆಯುವ ಮಗು ಹೇಳಬೇಕಾಯಿತು. ಎರಡು ಗುಡ್ಡೆ ಎಂದರೆ ಎರಡು ಮನೆ, ಎರಡಕ್ಕೂ ಅದರದರ ಸೋಮವಾರ. ಅವಳು ಎರಡನ್ನೂ ಸೋಮವಾರದಿಂದಲೇ ಎಣಿಸಿಕೊಂಡು ಆಡಲು ಕೂತಳು. ಸಣ್ಣ ಗುಡ್ಡೆಗಳಿಂದ ಶುರುಮಾಡಿದಳು. ಈ ಕಡೆ ಒಂದು ಬೀಜ, ಆ ಕಡೆ ಮೂರು ಬೀಜ ಇಟ್ಟು, "ನೀನೇ ಮೊದ್ಲು ಎತ್ತು" ಎಂದಳು. ಹೇಗೆ ಎತ್ತಿದರೂ ಸೋತೆ. ಸೋಮವಾರವೂ ಬುಧವಾರವೂ ಎದುರುಬದುರು ಬಂದರೆ ಮೊದಲು ಎತ್ತುವವರು ಸೋಲುತ್ತಾರೆ. ಎರಡು ದಿನ ಅವಳು ಶಾಲೆಗೆ ಹೋಗುವಾಗ ಅರ್ಧಕ್ಕೆ ಬಿಟ್ಟ ಗುಡ್ಡೆಗಳನ್ನು ಯಾರೂ ಮುಟ್ಟಬಾರದೆಂದು ಮೊರ ಕವುಚಿಟ್ಟು ಹೋಗುತ್ತಿದ್ದಳು. ಮೂರನೆಯ ದಿನ ಬಂದು ನನ್ನ ಮಡಿಲಿಗೆ ಒರಗಿ ಹೇಳಿದಳು, ದಿನಗಳಲ್ಲಿ ಅಕ್ಕತಂಗಿಯರಿದ್ದಾರೆ ಎಂದು. ಸೋಮವಾರಕ್ಕೆ ಬುಧವಾರ. ಗುರುವಾರಕ್ಕೆ ಶನಿವಾರ. ಮಂಗಳವಾರಕ್ಕೆ ಭಾನುವಾರ. ಎರಡು ಗುಡ್ಡೆಯೂ ಒಂದೇ ದಿನಕ್ಕೆ ನಿಂತರೂ, ಅಕ್ಕತಂಗಿಯರ ದಿನಕ್ಕೆ ನಿಂತರೂ, ಆಗ ಎತ್ತಬೇಕಾದವರು ಸೋತರು. ಬೇರೆ ಹೇಗೆ ನಿಂತರೂ, ಅಕ್ಕತಂಗಿಯರನ್ನು ಎದುರುಬದುರು ತಂದು ಕೂರಿಸಿ ಎದುರಿನವರಿಗೆ ಬಿಡಬಹುದು.

ನಾನು ಬೆರಳು ಮಡಿಸುತ್ತಾ ಕೇಳುತ್ತಿದ್ದವಳು, ಒಂದು ದಿನ ಉಳಿಯಿತಲ್ಲ ಎಂದೆ. ಶುಕ್ರವಾರಕ್ಕೆ ಯಾರು?

"ಅದಕ್ಕೆ ಯಾರೂ ಇಲ್ಲ ಅಜ್ಜಿ. ಆ ಕಡೆನೂ ಶುಕ್ರವಾರ ಬಂದ್ರೆ ಮಾತ್ರ ಜೊತೆ."

ಈ ಹುಡುಗಿಗೆ ಹುಳಿಯಕ್ಕನ ತಾಯಿಯ ಮಾತನ್ನು ನಾನು ಹೇಳಿರಲೇ ಇಲ್ಲ. ಪ್ಲೇಗಿನಲ್ಲಿ ಹೋದ ಆ ತಾಯಿ ಲಕ್ಷ್ಮಿಯ ವಿಷಯ ಆಡಿರಲಿಲ್ಲ, ವ್ರತದ ವಿಷಯ ಆಡಿರಲಿಲ್ಲ. ಆಟದ ಲೆಕ್ಕವನ್ನೇ ಗೊಣಗಿಕೊಳ್ಳುತ್ತಿದ್ದಳು. ಮಗಳ ಎದುರಿಗೇ, ಮಗಳಿಗೆ ಕೇಳುವ ಹಾಗೆ ಹೇಳುತ್ತಿದ್ದಳು. ಕದಿಯಲಿ ಎಂದೇ ಹೇಳುತ್ತಿದ್ದಳೋ ಏನೋ.

ಇನ್ನು ನನಗೆ ತಡೆಯಲಾಗಲಿಲ್ಲ. ಗಾಡಿಯವನು ಮರುದಿನ ಬೆಳಿಗ್ಗೆ ಅಂತರಸಂತೆಗೆ ಹೊರಡುವವನಿದ್ದ. ಅವನನ್ನು ಕರೆಸಿ ಹೇಳಿಕೊಟ್ಟೆ. ಒಳ್ಳೆಯ ಹುಡುಗ, ಆದರೆ ಅವನ ತಲೆಯಲ್ಲಿ ಎತ್ತುಗಳಿಗೆ ಮಾತ್ರ ಜಾಗ. ಒಪ್ಪಿಸು ಎಂದರೆ ಸೋಮವಾರಕ್ಕೆ ಮಂಗಳವಾರವನ್ನು ಕಟ್ಟಿದ. ಇನ್ನೊಂದು ಸಲ ಒಪ್ಪಿಸಿದಾಗ ಶನಿವಾರವೇ ಇರಲಿಲ್ಲ. ಹುಡುಗಿ ಹಣೆ ಹಣೆ ಚಚ್ಚಿಕೊಂಡಳು. ಕೊನೆಗೆ ಅವನೇ ಒಂದು ದಾರಿ ಮಾಡಿಕೊಂಡ. "ತಡಿಯವ್ವ. ಸೋಮಾರದ ಮನೆಗೂ ಬುದ್ವಾರದ ಮನೆಗೂ ನೆಂಟಸ್ತನ. ಬೇಸ್ತವಾರಕ್ಕೂ ಸನಿವಾರಕ್ಕೂ ನೆಂಟಸ್ತನ. ಮಂಗ್ಳಾರಕ್ಕೂ ಬಾನ್ವಾರಕ್ಕೂ ನೆಂಟಸ್ತನ. ಸುಕ್ರಾರ ಒಂದು ಸಂಬಂದ ಕೂಡಿಬರ್ದೆ ಮನೇಲೇ ಕುಂತದೆ. ಸರಿಯಾ?"

ಸರಿ ಎಂದೆ. ಎರಡು ಗುಡ್ಡೆಗೂ ಸೋಮವಾರದಿಂದಲೇ ಎಣಿಸಬೇಕು ಎಂಬುದನ್ನು ಮರೆಯಬೇಡ ಎಂದು ಊರ ಬಾಗಿಲವರೆಗೆ ಗಾಡಿಯ ಹಿಂದೆ ಹೋಗಿ ಹೇಳಿ ಬಂದೆ.

ಹೋಗಿ ಬರಲು ಅವನಿಗೆ ಒಂದು ವಾರ ಬೇಕು. ಆ ವಾರವನ್ನು ನಾನು ಹೇಗೆ ಕಳೆದೆ ಎಂದು ನನ್ನ ಸೊಸೆಯನ್ನು ಕೇಳಬೇಕು. ಹಿಂದಿನ ಸಲ ಬಂದಾಗ ಅವನು, ಹುಳಿಯಕ್ಕ ಈಗ ಊಟ ಸರಿಯಾಗಿ ಮಾಡುವುದಿಲ್ಲವಂತೆ ಎಂದಿದ್ದ. ಸುದ್ದಿ ಮುಟ್ಟುವವರೆಗೆ ಇರುತ್ತಾಳೋ ಇಲ್ಲವೋ. ಇದ್ದರೂ ಇವನು ದಾರಿಯಲ್ಲಿ ನೆಂಟಸ್ತನಗಳನ್ನು ಅದಲುಬದಲು ಮಾಡಿದರೆ ಗತಿಯೇನು. ಆಡಿ ನೋಡಿ, ಸೋತು, ಇದೂ ಎಡತೊರೆಯ ಮುದುಕನ ಕಥೆಯೇ ಎಂದು ಬೀಜ ಬಾಚಿ ಕಟ್ಟಿಬಿಟ್ಟರೆ. ರಾಗಿ ಬೀಸಲು ಕೂತರೆ ಕಲ್ಲು ಸುತ್ತುವ ಸದ್ದು ಗಾಡಿಯ ಚಕ್ರದ ಸದ್ದಿನ ಹಾಗೆ ಕೇಳುತ್ತಿತ್ತು. ಎದ್ದು ಬೀದಿಗೆ ಹೋಗುತ್ತಿದ್ದೆ. ಬೀದಿಯಲ್ಲಿ ಏನೂ ಇರುತ್ತಿರಲಿಲ್ಲ. ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ಬೀದಿಯಲ್ಲಿ ಇಟ್ಟು ನಿಂತಿದ್ದವಳನ್ನು ನೋಡಿ ಮನೆಯವರು, ಇನ್ನು ಕುಕ್ಕೆಯೊಂದು ಬಾಕಿ ಎಂದರು.

ನಿನ್ನೆ ಸಂಜೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ನಿಜವಾಗಿಯೂ ಗೆಜ್ಜೆಯ ಸದ್ದು ಕೇಳಿತು. ಸೌಟು ಹಿಡಿದುಕೊಂಡೇ ಹೊರಗೆ ಓಡಿದೆ. ಅವನು ಎತ್ತುಗಳನ್ನು ಬಿಚ್ಚುತ್ತಿದ್ದ. ನನ್ನನ್ನು ನೋಡಿಯೂ ನಿಧಾನವಾಗಿ ಬಿಚ್ಚಿದ, ನೀರು ಕುಡಿಸಿದ, ಕಟ್ಟಿದ. ನನಗೆ ಕೇಳಲು ಧೈರ್ಯವಿಲ್ಲ. ಹುಡುಗಿಯೇ ಕೇಳಿದಳು, ಇದ್ದಾರಾ ಎಂದು.

"ಇಲ್ದೆ ಏನು. ನನ್ನ ಎತ್ತಿಗೆ ಹುಲ್ಲು ಹಾಕಕ್ಕೂ ಬುಡ್ನಿಲ್ಲ ಆ ಮುದುಕಿ."

ಜಗಲಿಗೆ ಬಂದು ಕೂತು ಹೇಳಿದ. ಅವಳು ಮೊದಲು ಕಿವಿಗೇ ಹಾಕಿಕೊಳ್ಳಲಿಲ್ಲವಂತೆ. ಎರಡು ಗುಡ್ಡೆಗೂ ಸೋಮವಾರದಿಂದಲೇ ಅಂತೆ ಎಂದಾಗ ಮುಖ ಎತ್ತಿದಳಂತೆ. ನೆಂಟಸ್ತನಗಳನ್ನು ಒಂದೊಂದಾಗಿ ಹೇಳುತ್ತಾ ಹೋದಾಗ ಸೆರಗಿನ ಗಂಟು ಬಿಚ್ಚಿದಳಂತೆ. ಅವನನ್ನೇ ಎದುರಿಗೆ ಕೂರಿಸಿಕೊಂಡು ಆಡಿದಳು, ಸೋಲಿಸಿದಳು, ಗುಡ್ಡೆ ಬದಲಾಯಿಸಿ ಮತ್ತೆ ಸೋಲಿಸಿದಳು. ತಂಗಿಯ ಮಗಳು ಬಂದು ದೀಪ ಇಟ್ಟು ಹೋದರೂ ಬಿಡಲಿಲ್ಲ. ಕೊನೆಯಲ್ಲಿ ಶುಕ್ರವಾರದ ಮಾತನ್ನು ಹೇಳಿದ.

"ಏನಂದ್ಲು?" ಎಂದೆ.

"ಬೀಜ ಎಲ್ಲ ಮಡ್ಲಿಗೆ ಬಾಚ್ಕಂಡ್ಲು ಕಣವ್ವ. ಆಮೇಲೆ ಒಂದೇ ಸಮ ನಗಕ್ಕೆ ಸುರು ಮಾಡಿದ್ಲು. ಕಣ್ಣಲ್ಲಿ ನೀರು ಬಂದ್ರೂ ನಗ್ತಾನೇ ಅವ್ಳೆ. ನಂಗೆ ದಿಗಿಲಾಗಿ ಒಳಗಿನೋರ್ನ ಕೂಗ್ದೆ. ಆಗ ನನ್ನ ಕೈ ಹಿಡ್ಕಂಡು ಅಂದ್ಲು, ಹನಗೋಡಿನ ಕೂಸಿಗೆ ಯೋಳು, ಬರೋ ಸುಕ್ರಾರ ನಾನು ಸಂತೆಗೆ ಹೋಗಿ ಹುಣಸೆಹಣ್ಣು ಮಾರ್ತೀನಿ ಅಂತ."

ಮನೆಯವರು ಕಂಬದಿಂದ ಬೆನ್ನು ತೆಗೆದು ಕೇಳಿದರು, "ಕಾಲೇ ಇಲ್ದೋಳು ಎಂಗ್ಲಾ ಹೋಯ್ತಾಳೆ ಸಂತೆಗೆ?"

"ನನ್ನ ಗಾಡೀಲಿ. ಬಾಡಿಗೆ ಇಷ್ಟು ಅಂತ ಅವ್ಳೇ ಗೊತ್ತು ಮಾಡ್ಬುಟ್ಲು. ಬಾಡಿಗೇನೂ ಹುಣಸೆಹಣ್ಣಲ್ಲೇ ಕೊಡ್ತಾಳಂತೆ."

ಮನೆಯವರು ನಕ್ಕರು. ಅವರು ಅಷ್ಟು ಜೋರಾಗಿ ನಕ್ಕಿದ್ದನ್ನು ಈಚೆಗೆ ನೋಡಿರಲಿಲ್ಲ. ನಗು ನಿಂತ ಮೇಲೆ, ನನ್ನ ಕಡೆ ತಿರುಗದೆ ಗಾಡಿಯವನಿಗೆ ಹೇಳಿದರು, ಹೋಗುವಾಗ ಇವಳನ್ನೂ ಕರೆದುಕೊಂಡು ಹೋಗು, ಇಲ್ಲದಿದ್ದರೆ ನಮ್ಮ ಮೆಟ್ಟಿಲು ಸವೆದುಹೋಗುತ್ತದೆ.

ಎಲೆ ಹಾಕಿದೆವು. ದಿನವೂ ಗಂಡಸರು ಉಂಡೆದ್ದ ಮೇಲೆ ನಾವು ಹೆಂಗಸರು ಕೂರುವುದು. ನಿನ್ನೆ ಹುಡುಗಿ ನನ್ನ ಸೆರಗು ಹಿಡಿದು ಎಳೆದು ಪಕ್ಕದಲ್ಲೇ ಕೂರಿಸಿಕೊಂಡಳು, ಸೊಸೆಯನ್ನೂ ಕರೆದಳು. ಮನೆಯವರು, ಮಗ, ಗಾಡಿಯವನು, ನಾವು ಮೂವರು, ಎಲ್ಲರೂ ಒಂದೇ ಸಾಲಿನಲ್ಲಿ. ಮಧ್ಯದಲ್ಲಿ ಮುದ್ದೆಯ ಪಾತ್ರೆ, ಅವರೆಕಾಳಿನ ಸಾರು. ಬಡಿಸುವವರು ಯಾರೂ ಇಲ್ಲ, ಕೈ ಚಾಚಿದವರು ಬಡಿಸಿಕೊಂಡರು.

ಮೊದಲ ತುತ್ತು ಬಾಯಿಗೆ ಇಟ್ಟಾಗ ಗೊತ್ತಾಯಿತು. ಗೆಜ್ಜೆಯ ಸದ್ದಿಗೆ ಕಿವಿ ಕೊಟ್ಟುಕೊಂಡು ನಾನು ಸಾರಿಗೆ ಹುಳಿಯನ್ನು ಎರಡು ಸಲ ಹಿಂಡಿದ್ದೆ. ಹಲ್ಲು ಚುಳ್ಳೆಂದಿತು. ಸಾಲಿನ ಉದ್ದಕ್ಕೂ ನೋಡಿದೆ. ಮಗ ಕಣ್ಣು ಮುಚ್ಚಿಕೊಂಡು ನುಂಗಿದ. ಗಾಡಿಯವನು ನೀರಿನ ಚೊಂಬಿಗೆ ಕೈ ಹಾಕಿದ. ಮನೆಯವರು ಏನಾದರೂ ಹೇಳಿಯೇ ಹೇಳುತ್ತಾರೆ ಎಂದು ಕಾದೆ.

ಅವರು ಮುದ್ದೆಯಲ್ಲಿ ಇನ್ನೊಂದು ಗುಳಿ ಮಾಡಿ, "ಸಾರು ಹಾಕು" ಎಂದರು.